ಹುಲಿ ಮೀಸಲಿನಲ್ಲಿ ಕ್ಯಾಮೆರಾ ಟ್ರ್ಯಾಪ್ ಅಧ್ಯಯನ: ಅರಣ್ಯ ಇಲಾಖೆ ಜೊತೆ ಕೆಲಸ ಹೇಗೆ?

ನಿಮ್ಮ ಕಾಲೇಜು ಅರಣ್ಯ ಇಲಾಖೆ ಜೊತೆ ಸೇರಿ ಹುಲಿ ಅಧ್ಯಯನ ಮಾಡಬೇಕೆಂದಿದೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಕ್ಯಾಮೆರಾ ಟ್ರ್ಯಾಪ್ ಎಂದರೆ ಹಾದುಹೋಗುವ ಪ್ರಾಣಿಯ ಬಿಸಿ, ಚಲನೆ ಗ್ರಹಿಸಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ. ಅದನ್ನು ಕೊಳ್ಳುವ ಮುಂಚೆ ಎರಡು ಕಾಗದಪತ್ರ ಆಗಬೇಕು.

ಒಂದು, ಮುಖ್ಯ ವನ್ಯಜೀವಿ ವಾರ್ಡನ್ ಅನುಮತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 28ರಡಿ ಅರ್ಜಿ ಹಾಕಿ. ಪ್ರಾಣಿ ಹಿಡಿದು ಕೊರಳಿಗೆ ರೇಡಿಯೊ ಕಾಲರ್ ಹಾಕುವುದಕ್ಕೆ ಬೇರೆ ಅನುಮತಿ ಬೇಕು, ಅದನ್ನು ಇದರಲ್ಲಿ ಬೆರೆಸಬೇಡಿ.

ಇನ್ನೊಂದು ಡೇಟಾ ಒಪ್ಪಂದ. ಜಂಟಿ ಕೆಲಸ ಉಳಿಯುವುದೂ ಮುರಿಯುವುದೂ ಇಲ್ಲೇ. ನಿಮಗೆ ಪ್ರಬಂಧ ಬರೆಯಲು ಎರಡು ವರ್ಷ ಹಿಡಿದರೂ ನಡೆಯುತ್ತದೆ. ಊರಂಚಿನಲ್ಲಿ ಹಸು ಸತ್ತ ದಿನ ವಲಯ ಅರಣ್ಯಾಧಿಕಾರಿಗೆ (ಆರ್‌ಎಫ್‌ಒ) 'ಇದು ಯಾವ ಹುಲಿ' ಎಂಬ ಉತ್ತರ ಅವತ್ತೇ ಬೇಕು. ಒಂದೊಂದು ಹುಲಿಯ ಪಟ್ಟೆಯೂ ಬೇರೆ, ಜಪ್ತಿಯಾದ ಚರ್ಮ ಯಾವ ಕಾಡಿನದು ಎಂದು ಪಟ್ಟೆ ಹೋಲಿಸಿ ಪತ್ತೆ ಮಾಡಿದ್ದೂ ಇಂಥ ಫೋಟೋ ಸಂಗ್ರಹದಿಂದಲೇ. ಹಾಗಾಗಿ ಚಿತ್ರಗಳ ಪ್ರತಿ ಎಷ್ಟು ದಿನದೊಳಗೆ ಇಲಾಖೆಗೆ ಸೇರಬೇಕು, ಪ್ರಕಟಣೆಯ ಹಕ್ಕು ಯಾರದು ಎಂದು ಬರೆಸಿಕೊಳ್ಳಿ. ಜಿಪಿಎಸ್ ಬಿಂದುಗಳು ಹೊರಗೆ ಹೋಗಕೂಡದು, ಕಳ್ಳಬೇಟೆಗಾರರಿಗೆ ಅದೇ ನಕ್ಷೆ. ಸೌದೆಗೆ ಬಂದವರ ಚಿತ್ರ ಬಿದ್ದರೆ ಅಳಿಸುವ ನಿಯಮವೂ ಇರಲಿ.

ನಾಗರಹೊಳೆಯಲ್ಲಿ 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಬೆಳೆಸಿದ, ಪಟ್ಟೆಯಿಂದ ಹುಲಿ ಗುರುತಿಸಿ ಸಂಖ್ಯೆ ಅಂದಾಜಿಸುವ ವಿಧಾನವೇ ಇಂದಿಗೂ ತಳಹದಿ. ಹುಲಿಯ ಎಡಬಲ ಮಗ್ಗುಲಿನ ಪಟ್ಟೆ ಬೇರೆಬೇರೆ, ಆದ್ದರಿಂದ ಒಂದು ಜಾಗಕ್ಕೆ ಎರಡು ಕ್ಯಾಮೆರಾ. ದಾರಿಯ ಎರಡೂ ಬದಿ, ಮೊಣಕಾಲೆತ್ತರದಲ್ಲಿ ಕಟ್ಟಿ. ತೀರಾ ಎದುರುಬದುರಾಗಿಟ್ಟರೆ ಒಂದರ ಫ್ಲ್ಯಾಷ್ ಇನ್ನೊಂದರ ಚಿತ್ರವನ್ನು ಬೆಳ್ಳಗೆ ಮಾಡುತ್ತದೆ, ತುಸು ಓರೆಯಾಗಿರಲಿ. ರಾಷ್ಟ್ರೀಯ ಗಣತಿಯಲ್ಲಿ 2 ಚದರ ಕಿ.ಮೀ.ಗೆ ಒಂದು ಜೋಡಿ, ಕನಿಷ್ಠ 25 ದಿನ. ಇದಕ್ಕೆ ಹೊಂದಿಸಿಕೊಂಡರೆ ನಿಮ್ಮ ಲೆಕ್ಕ ಇಲಾಖೆಗೂ ಉಪಯೋಗಕ್ಕೆ ಬರುತ್ತದೆ. ತಿಂಗಳುಗಟ್ಟಲೆ ಎಳೆದರೆ ಹುಟ್ಟು, ಸಾವು, ವಲಸೆ ಸೇರಿಕೊಂಡು ಅಂದಾಜು ಕೆಡುತ್ತದೆ.

ಹೆಚ್ಚು ಕೆಡುವುದು ಕ್ಯಾಮೆರಾದೊಳಗಿನ ಗಡಿಯಾರ. ಬ್ಯಾಟರಿ ಬದಲಿಸಿದಾಗ ಕೆಲವು ಮಾದರಿಗಳಲ್ಲಿ ಸಮಯ ಹಿಂದಕ್ಕೆ ಹೋಗುತ್ತದೆ, ಆಮೇಲೆ ಎಡ ಚಿತ್ರಕ್ಕೆ ಬಲ ಚಿತ್ರ ಜೋಡಿಯಾಗುವುದಿಲ್ಲ. ಪ್ರತಿ ಸಲ ಜಾಗದ ಸಂಖ್ಯೆ, ದಿನಾಂಕ, ಸಮಯ ಬರೆದ ಸ್ಲೇಟನ್ನು ಎರಡೂ ಕ್ಯಾಮೆರಾದ ಮುಂದೆ ಹಿಡಿಯಿರಿ. ಮುಂದಿನ ಹುಲ್ಲು ಸವರಿ. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲ್ಲಾಡಿದರೆ ಕಾರ್ಡ್ ತುಂಬಾ ಹುಲ್ಲಿನ ಚಿತ್ರವೇ. ಆನೆಯಿದ್ದ ಕಡೆ ಕಬ್ಬಿಣದ ಪೆಟ್ಟಿಗೆ ಬೇಕೇ ಬೇಕು.

ಹುಲಿ ಯಾವ ಹಳ್ಳದ ದಾರಿ ಹಿಡಿಯುತ್ತದೆ ಎಂಬುದು ಜೇನುಕುರುಬ, ಸೋಲಿಗ ವಾಚರ್‌ಗಳಿಗೆ ಗೊತ್ತು. ಅವರ ಕೂಲಿ ಬಜೆಟ್‌ನಲ್ಲಿರಲಿ, ಒಪ್ಪಿದರೆ ಹೆಸರು ವರದಿಯಲ್ಲಿರಲಿ. ಫೆಬ್ರವರಿ, ಮಾರ್ಚ್‌ನಲ್ಲಿ ಸಿಬ್ಬಂದಿಯೆಲ್ಲ ಬೆಂಕಿ ಕಾವಲಿಗೆ ಹೋಗುತ್ತಾರೆ, ಜನವರಿಯೊಳಗೆ ಮುಗಿಸುವಂತೆ ದಿನ ಗೊತ್ತುಮಾಡಿ.