ದೊಡ್ಡ ಸೀಪ್ಲೇನ್‌ಗಳು (ನೀರಿನ ಮೇಲೆ ಇಳಿದು ಏರುವ ವಿಮಾನಗಳು) ಈಗ ಯಾಕೆ ಪ್ರಯಾಣಿಕರನ್ನು ಒಯ್ಯುವುದಿಲ್ಲ? ನಮ್ಮ ಕಾರವಾರಕ್ಕೆ ಬರಬಹುದಾ?

ಒಂದು ಕಾಲದಲ್ಲಿ ಒಯ್ಯುತ್ತಿದ್ದವು. 1939ರಲ್ಲಿ ಸೇವೆಗೆ ಬಂದ ಬೋಯಿಂಗ್ 314 ವಿಮಾನದಲ್ಲಿ ಹಗಲಿನ ಪ್ರಯಾಣಕ್ಕೆ 74 ಜನ ಕೂರಬಹುದಿತ್ತು. ಆಗ ಉದ್ದದ ರನ್‌ವೇಗಳು ಕಡಿಮೆ. ಎರಡನೇ ಮಹಾಯುದ್ಧದಲ್ಲಿ ಎಷ್ಟೋ ಕಡೆ ಕಾಂಕ್ರೀಟ್ ರನ್‌ವೇ ಬಂದವು, ಇವುಗಳ ಅಗತ್ಯವೇ ಹೋಯಿತು. ದೋಣಿಯಂಥ ಹೊಟ್ಟೆ ಗಾಳಿಗೆ ಅಡ್ಡ ಬರುವುದರಿಂದ ಇಂಧನವೂ ಜಾಸ್ತಿ ಬೇಕು.

ಇನ್ನೊಂದು ಕಾಟ ಉಪ್ಪುನೀರಿನದು. ಕಾರವಾರದವರಿಗೆ ಇದನ್ನು ಹೇಳಬೇಕಾ? ಬೈತಖೋಲ್ ಬಂದರಿನಲ್ಲಿ ಹಳೇ ದೋಣಿಯ ಬೋಲ್ಟ್ ಮುಟ್ಟಿ ನೋಡಿ, ತುಕ್ಕು ಪದರ ಪದರವಾಗಿ ಕೈಗೆ ಬರುತ್ತದೆ. ವಿಮಾನದ ಅಲ್ಯೂಮಿನಿಯಂ ಮೈಯನ್ನೂ ಉಪ್ಪು ತಿನ್ನುತ್ತದೆ. ಸಮುದ್ರದಲ್ಲಿ ಇಳಿದ ಮೇಲೆ ಸಿಹಿನೀರಲ್ಲಿ ತೊಳೆಯಲೇಬೇಕು. ಮಳೆಗಾಲದ ಅಲೆಯಲ್ಲಂತೂ ಇಳಿಯುವ ಮಾತೇ ಇಲ್ಲ.

ನಮಗೆ ದೊಡ್ಡದು ಬೇಡ. 2020ರಲ್ಲಿ ಗುಜರಾತಿನ ಸಾಬರಮತಿಯಿಂದ ಕೆವಡಿಯಾಕ್ಕೆ ಹಾರಿದ ಟ್ವಿನ್ ಆಟರ್‌ನಂಥ ಸಣ್ಣ ವಿಮಾನ, ಕಾಳಿ ನದಿಯ ಶಾಂತ ನೀರಿನಲ್ಲಿ. ಅದು ಬಂದರೆ ನನಗಂತೂ ತುಂಬಾ ಖುಷಿ.