'ಟೋಕಿಯೋ ಸ್ಟೋರಿ'ಗೆ ನಾಲ್ಕನೇ ತಿಂಗಳು ಕೊಡಿ

ನಿಮ್ಮ ಚಿತ್ರ ಸಂಘದಲ್ಲಿ ಜಪಾನಿನ ಓಝು ಮಾಡಿದ 'ಟೋಕಿಯೋ ಸ್ಟೋರಿ' ಹಾಕಿದ ದಿನ ಅರ್ಧ ಜನ ಎದ್ದುಹೋದರು, ಇನ್ನು ವಿದೇಶಿ ಚಿತ್ರ ತೋರಿಸೋದೇ ಬೇಡವಾ ಅಂತ ಕೇಳಿದ್ದೀರಿ. ತೋರಿಸಿ ಸರ್. ತಪ್ಪಿರುವುದು ಸರದಿ ಅಷ್ಟೇ.

ತಿಂಗಳಿಗೊಂದು ಚಿತ್ರ ಅಂತಿಟ್ಟುಕೊಂಡರೆ, ಮೊದಲು ಇರಾನಿನ ನಿರ್ದೇಶಕ ಕಿಯರೊಸ್ತಾಮಿಯ 'ವೇರ್ ಈಸ್ ದ ಫ್ರೆಂಡ್ಸ್ ಹೌಸ್?' (1987) ಹಾಕಿ. ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಗೆಳೆಯನ ನೋಟ್‌ಬುಕ್ ತಪ್ಪಿ ಹುಡುಗನ ಕೈಗೆ ಬಂದಿದೆ, ನಾಳೆ ಅದರಲ್ಲೇ ಬರೆದು ತರದಿದ್ದರೆ ಮೇಷ್ಟ್ರು ಗೆಳೆಯನನ್ನು ಶಾಲೆಯಿಂದ ಹೊರಗೆ ಹಾಕುತ್ತಾರೆ, ಅವನ ಮನೆ ಪಕ್ಕದೂರಲ್ಲಿ. ಸಬ್‌ಟೈಟಲ್ ನಾಲ್ಕು ಸಾಲು ತಪ್ಪಿದರೂ ಕತೆ ತಪ್ಪುವುದಿಲ್ಲ. ಹುಡುಗನ ಅಜ್ಜ ತನ್ನ ಹತ್ತಿರ ಸಿಗರೇಟಿದ್ದೂ 'ಹೋಗಿ ತಗೊಂಡು ಬಾ' ಅಂತ ಅವನನ್ನೇ ಓಡಿಸುತ್ತಾನೆ, ಶಿಸ್ತು ಕಲಿಸೋಕಂತೆ! ಅಂಥ ಅಜ್ಜಂದಿರು ನಮ್ಮ ಜಗಲಿ ಮೇಲೂ ಕೂತಿರೋದರಿಂದ ಸಭೆ ಅಲ್ಲಿಗೆ ಚಿತ್ರದೊಳಗೆ ಬಂದಿರುತ್ತದೆ.

ಎರಡನೆಯದು ಇಟಲಿಯ 'ಬೈಸಿಕಲ್ ಥೀವ್ಸ್' (1948). ಕೆಲಸಕ್ಕೆ ಸೈಕಲ್ ಬೇಕೇ ಬೇಕಾದ ಬಡ ಸಂಸಾರದ ಕತೆ. ಅಡವಿಟ್ಟ ಸೈಕಲ್ ಬಿಡಿಸಿಕೊಳ್ಳಲು ಹಾಸಿಗೆ ಬಟ್ಟೆ ಗಿರವಿ ಇಡುತ್ತಾರಲ್ಲ, ಅಂಗಡಿಯವನು ಆ ಗಂಟು ಹೊತ್ತು ಅಟ್ಟಣಿಗೆ ಹತ್ತುವುದನ್ನು ಗಮನಿಸಿ. ಸೂರಿನವರೆಗೂ ಅಂಥವೇ ಗಂಟುಗಳು. ಯುದ್ಧದ ನಂತರದ ರೋಮ್ ಹೇಗಿತ್ತು ಅಂತ ಬೇರೆ ಭಾಷಣ ಬೇಕಾಗಿಲ್ಲ.

ಮೂರಕ್ಕೆ ನಮ್ಮದೇ 'ತಿಥಿ'. ಮಂಡ್ಯದ ಮಾತು, ಸಬ್‌ಟೈಟಲ್ ಚಿಂತೆಯಿಲ್ಲ. ಸಾವು, ಹಿರಿಯರು, ಮಕ್ಕಳ ಅವಸರ ಎಲ್ಲ ನಗುನಗುತ್ತಾ ನೋಡಿದ ಮೇಲೆ 'ಟೋಕಿಯೋ ಸ್ಟೋರಿ' (1953) ಹಾಕಿ. ವಯಸ್ಸಾದ ಅಪ್ಪ ಅಮ್ಮ ಮಕ್ಕಳನ್ನು ನೋಡಲು ಟೋಕಿಯೋಗೆ ಬರುವ ಎರಡೂಕಾಲು ಗಂಟೆಯ ಚಿತ್ರ, ಕ್ಯಾಮೆರಾ ಚಾಪೆ ಮೇಲೆ ಕೂತಂತೆ ತಗ್ಗಿನಲ್ಲಿರುತ್ತದೆ, ಅಲುಗುವುದೇ ಅಪರೂಪ. ಜನಕ್ಕೆ ಬೇಜಾರು ಬರುವುದು ಅದರಿಂದಲ್ಲ, ಮೊದಲ ಅರ್ಧ ಗಂಟೆ ಯಾರು ಯಾರ ಮಗ ಅಂತ ಗೊತ್ತಾಗದೆ. ಬೋರ್ಡ್ ಮೇಲೆ ಬರೆದಿಡಿ: ಕೊಯಿಚಿ, ಡಾಕ್ಟರ್ ಮಗ; ಶಿಗೆ, ಬ್ಯೂಟಿ ಪಾರ್ಲರ್ ಮಗಳು; ನೊರಿಕೊ, ಯುದ್ಧದಲ್ಲಿ ಹೋದ ಮಗನ ಹೆಂಡತಿ; ಕೆಯಿಜೊ, ಒಸಾಕದಲ್ಲಿರುವ ಮಗ; ಕ್ಯೋಕೊ, ಊರಲ್ಲೇ ಉಳಿದ ಮಗಳು. ಅಷ್ಟು ಸಾಕು. ಮುಂದೇನಾಗುತ್ತೆ ಅಂತ ಮಾತ್ರ ಹೇಳಬೇಡಿ.

ಇನ್ನು ಪ್ರೊಜೆಕ್ಟರ್. ಹಳೆಯ ಕಪ್ಪು-ಬಿಳುಪಿನ ಚೌಕಟ್ಟಿನ ಅಗಲ-ಎತ್ತರ ಹೆಚ್ಚುಕಡಿಮೆ 4:3. ಪರದೆ ತುಂಬಲಿ ಅಂತ ಈಗಿನ ಅಗಲ ಪರದೆಯ 16:9ಕ್ಕೆ ಎಳೆದರೆ ಎಲ್ಲರ ಮುಖವೂ ಇಡ್ಲಿ. ಜೂಮ್ ಮಾಡಿದರೆ ತಲೆಯೂ ನೆಲವೂ ಕತ್ತರಿಸಿ ಹೋಗುತ್ತವೆ. ಎರಡು ಪಕ್ಕ ಕಪ್ಪು ಪಟ್ಟಿ ಇರಲಿ ಬಿಡಿ. ಟಿವಿಯಾದರೆ ಚಲನೆಯನ್ನು ನುಣುಪು ಮಾಡುವ 'ಮೋಷನ್ ಸ್ಮೂದಿಂಗ್' ಸೆಟ್ಟಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಸಿನಿಮಾ ಧಾರಾವಾಹಿ ಥರ ಕಾಣುತ್ತೆ. ಬಿಳಿ ಅಂಗಿ ಮೇಲೆ ಬಿಳಿ ಸಬ್‌ಟೈಟಲ್ ಓದಲಾಗುವುದಿಲ್ಲ, ಹಳದಿ ಮಾಡಿ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ಸಬ್‌ಟೈಟಲ್ ಮಾತಿಗಿಂತ ಮುಂಚೆ ಬಂದರೆ 'ಎಚ್', ತಡವಾದರೆ 'ಜಿ' ಒತ್ತಿ. ಒಂದೊಂದು ಒತ್ತಿಗೆ 50 ಮಿಲಿಸೆಕೆಂಡ್ ಸರಿಯುತ್ತದೆ. ಪರದೆಯ ಕೆಳ ಅಂಚು ಕೂತವರ ತಲೆಗಿಂತ ಮೇಲಿರಲಿ, ಇಲ್ಲದಿದ್ದರೆ ಹಿಂದಿನ ಸಾಲಿನವರಿಗೆ ಸಬ್‌ಟೈಟಲ್ಲೇ ಕಾಣದು.