ಟಂಗ್‌ಸ್ಟನ್ ಎಳೆಗೆ ಸೆರಾಮಿಕ್ ಲೇಪನ ಯಾಕೆ?

ಕಲಬುರಗಿ ಜಿಲ್ಲೆಯ ಸೇಡಂ ಕಡೆ ಸಿಮೆಂಟ್ ಗೂಡಿನ ಶಾಖನಿರೋಧಕ ಕಾಂಕ್ರೀಟಿಗೆ ಸ್ಟೀಲ್ ಎಳೆ ಹಾಗೇ ಬೆರೆಸುತ್ತಾರೆ, ನಿಕ್ಕಲ್ ಮಿಶ್ರಲೋಹಕ್ಕೆ ಬಲ ಕೊಡಲು ಒಳಗೆ ಹಾಕುವ ಟಂಗ್‌ಸ್ಟನ್ ಎಳೆಗೆ ಮಾತ್ರ ಲೇಪನ ಯಾಕೆ ಅಂತ ಕೇಳಿದ್ದೀರಿ.

ಕರಗುವ ಭಯಕ್ಕಲ್ಲ. ಟಂಗ್‌ಸ್ಟನ್ ಕರಗಲು ಸುಮಾರು 3,422 ಡಿಗ್ರಿ ಸೆಲ್ಸಿಯಸ್ ಬೇಕು. ಕಾಟ ಕೊಡುವುದು ಪಕ್ಕದ ನಿಕ್ಕಲ್. 1,100 ಡಿಗ್ರಿ ಹತ್ತಿರ ಅದು ಮೆಲ್ಲಗೆ ಎಳೆಯೊಳಗೆ ನುಸುಳುತ್ತದೆ. ಆಗ ಟಂಗ್‌ಸ್ಟನ್‌ನ ನಾರಿನಂಥ ಉದ್ದ ಹರಳುಗಳು ಹೋಗಿ ಹೊಸ ಹರಳು ಬೆಳೆಯುತ್ತವೆ, ಬಲ ಕುಸಿಯುತ್ತದೆ. ಅಲ್ಯೂಮಿನಾ ಅಥವಾ ಹಾಫ್ನಿಯಾ (ಅಲ್ಯೂಮಿನಿಯಂ, ಹಾಫ್ನಿಯಂ ಲೋಹಗಳ ಆಕ್ಸೈಡ್) ಎಂಬ ಸೆರಾಮಿಕ್‌ನ ಲೇಪನ ನಿಕ್ಕಲ್ ನುಸುಳುವುದನ್ನು ತಡೆಯುತ್ತದೆ. ಗೂಡಿನ ಕಾಂಕ್ರೀಟಿನಲ್ಲಿ ಸ್ಟೀಲ್ ಎಳೆಯ ಸುತ್ತ ಇರುವುದು ನಿಕ್ಕಲ್ ಅಲ್ಲ, ಸೆರಾಮಿಕ್ಕೇ ಅಲ್ವಾ? ಅದಕ್ಕೇ ಅಲ್ಲಿ ಈ ಲೇಪನ ಬೇಕಿಲ್ಲ.

ಹಾಗಂತ ಲೇಪನ ಜಾಸ್ತಿ ದಪ್ಪ ಇರಬಾರದು. ನಿಕ್ಕಲ್ ಬಿಸಿಗೆ ಟಂಗ್‌ಸ್ಟನ್‌ಗಿಂತ ಸುಮಾರು ಮೂರು ಪಟ್ಟು ಹಿಗ್ಗುತ್ತದೆ. ನಡುವಿನ ದಪ್ಪ ಪದರ ಬೇಗ ಬಿರುಕು ಬಿಡುತ್ತದೆ, ನಿಕ್ಕಲ್ ಅಲ್ಲಿಂದಲೇ ಒಳಗೆ ಹೋಗುತ್ತದೆ.